ಬೋಳು ಕಿಟಕಿಗಳ ಬೇಟೆ

ಹೆಂಡತಿ: ಬೆಳಿಗ್ಗೆಯಿಂದ ಹನ್ನೊಂದು ಜನಕ್ಕೆ ಫೋನ್ ಮಾಡಿದೀರಿ, ಹನ್ನೊಂದು ಜನಾನೂ ಬೈದಿದಾರೆ. ಹನ್ನೆರಡನೇದಕ್ಕೆ ಯಾಕ್ರೀ ಇಷ್ಟು ಆತುರ?

ಗಂಡ: ಬೈದೋರು ಒಂಬತ್ತೇ ಜನ ಕಣೇ. ಇಬ್ಬರು ಸುಮ್ನೆ ಫೋನ್ ಇಟ್ರು.

(ಇಬ್ಬರೂ ಸೇರಿ ಪರದೆ ಹೊಲಿಯುವ ಅಂಗಡಿ ತೆರೆದು ಎರಡು ತಿಂಗಳಾಗಿತ್ತು. ಮೂರು ವಾರದಿಂದ ಒಬ್ಬ ಗಿರಾಕಿಯೂ ಮೆಟ್ಟಿಲು ಹತ್ತಿರಲಿಲ್ಲ. ಹೀಗೇ ಆದರೆ ಅವಳು ಮತ್ತೆ ಹಳೆಯ ಕಾರ್ಖಾನೆಯ ಹೊಲಿಗೆ ಕೆಲಸಕ್ಕೆ ಮರಳಬೇಕಾಗುತ್ತಿತ್ತು. ಅದಕ್ಕೇ ಅವನು ಬೀದಿ ಬೀದಿ ಅಲೆದು ನಲವತ್ತು ನಂಬರು ಬರೆದುಕೊಂಡು ಬಂದಿದ್ದ.)

ಹೆಂಡತಿ: ಈ ನಂಬರೆಲ್ಲ ಎಲ್ಲಿ ಸಿಕ್ಕಿದ್ದು?

ಗಂಡ: 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡ್ ಇರುತ್ತಲ್ಲ, ಅಲ್ಲಿ. ಖಾಲಿ ಮನೆ ಅಂದ್ರೆ ಬೋಳು ಕಿಟಕಿ. ಬೋಳು ಕಿಟಕಿ ಅಂದ್ರೆ ಪರದೆ ಬೇಕು.

ಹೆಂಡತಿ: ಖಾಲಿ ಮನೇಲಿ ಪರದೆ ಯಾರಿಗೆ? ಗೋಡೆಗಳಿಗೆ ನಾಚಿಕೇನಾ?

(ಅವನು ಆಗಲೇ ಹನ್ನೆರಡನೇ ನಂಬರು ಒತ್ತಿದ್ದ. ಸ್ಪೀಕರಿನಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ದನಿ.)

ಗಂಡ: ನಮಸ್ಕಾರ ಅಮ್ಮ, ನಿಮ್ಮ ಮನೆ ಬೋರ್ಡ್ ನೋಡಿ ಮಾಡ್ತಿದೀನಿ.

ಮನೆಯೊಡತಿ: ಎಷ್ಟು ಜನ ಇದೀರಿ?

ಗಂಡ: ನಾನು, ನನ್ನ ಹೆಂಡತಿ, ಇಬ್ಬರೇ. ಕೆಲಸ ಎಲ್ಲಾ ನಾವೇ ಮಾಡ್ಕೊಳ್ತೀವಿ.

ಮನೆಯೊಡತಿ: ಗಲಾಟೆ ಗಿಲಾಟೆ?

ಗಂಡ: ಎಷ್ಟು ಜೋರಾಗಿ ಎಳೆದ್ರೂ ಸದ್ದೇ ಬರಲ್ಲಮ್ಮ.

ಮನೆಯೊಡತಿ: ಏನು, ಎಳೀತೀರಾ?

ಗಂಡ: ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ತಿಂಗಳಿಗೊಂದು ಸಲ ಚೆನ್ನಾಗಿ ಒಗೆದುಬಿಟ್ರೆ ವರ್ಷಗಟ್ಟಲೆ ಬಾಳಿಕೆ ಬರುತ್ತೆ.

ಮನೆಯೊಡತಿ: ನಿಮ್ಮ ಅಡ್ರೆಸ್ ಹೇಳಿ. ನಾನೇ ಬರ್ತೀನಿ.

ಗಂಡ: (ಫೋನ್ ಇಟ್ಟು) ನೋಡಿದ್ಯಾ? ಗಿರಾಕಿ ತಾನಾಗೇ ಬರ್ತಿದೆ.

(ಅರ್ಧ ಗಂಟೆಯಲ್ಲಿ ಮನೆಯೊಡತಿ ಕೊಡೆ ಊರಿಕೊಂಡು ಬಂದೇಬಿಟ್ಟರು. ಅವನ ಮುಖ ನೋಡದೆ ನೇರ ಅವಳ ಹತ್ತಿರ ಹೋಗಿ ಕೈ ಹಿಡಿದುಕೊಂಡರು.)

ಮನೆಯೊಡತಿ: ಭಯಪಡಬೇಡ ಮಗಳೇ. ನಿನ್ನನ್ನ ತಿಂಗಳಿಗೊಂದು ಸಲ ಒಗೀತಾರಂತೆ?

ಹೆಂಡತಿ: (ನಗು ತಡೆಯಲಾರದೆ) ಒಗೆಯೋದು ಪರದೇನಮ್ಮ. ನಾವು ಪರದೆ ಹೊಲಿಯೋರು. ಕೂತ್ಕೊಳ್ಳಿ, ನೀರು ಕುಡೀರಿ. ನಿಮ್ಮ ಮನೆ ಎಷ್ಟು ದಿನದಿಂದ ಖಾಲಿ ಇದೆ?

ಮನೆಯೊಡತಿ: ಐದು ತಿಂಗಳು. ಬಂದೋರೆಲ್ಲ ಕಿಟಕಿ ಹತ್ರ ಹೋಗ್ತಾರೆ, ಅಲ್ಲಿಂದ ಸೀದಾ ಬಾಗಿಲ ಹತ್ರ.

ಹೆಂಡತಿ: ಕಿಟಕಿಯಾಚೆ ಏನಿದೆ?

ಮನೆಯೊಡತಿ: ಎದುರು ಮನೆ ಬಾಲ್ಕನಿ. ಅಲ್ಲೊಬ್ಬ ಚಡ್ಡಿ ಹಾಕ್ಕೊಂಡು ಹೊತ್ತು ಗೊತ್ತಿಲ್ಲದೆ ಬಸ್ಕಿ ಹೊಡೀತಾನೆ.

ಹೆಂಡತಿ: ಅವರನ್ನ ನಿಲ್ಲಿಸೋಕಾಗಲ್ಲ. ಆದ್ರೆ ಬೆಳಕು ಬರೋ ಹಾಗೆ, ಅವರು ಮಾತ್ರ ಕಾಣದ ಹಾಗೆ ತೆಳು ಪರದೆ ಹಾಕಬಹುದು. ನೋಡೋಕೆ ಬಂದೋರಿಗೆ ಅದು ಖಾಲಿ ಮನೆ ಥರ ಅನ್ಸಲ್ಲ, ತಮ್ಮ ಮನೆ ಥರ ಅನ್ಸುತ್ತೆ.

ಮನೆಯೊಡತಿ: ಇದನ್ನ ನಿಮ್ಮವರು ಫೋನಲ್ಲೇ ಹೇಳಬಾರದಿತ್ತಾ?

ಹೆಂಡತಿ: ಅವರು ನಮ್ಮ ಪರದೆ ಬಗ್ಗೆ ಹೇಳಿದ್ರು. ನಿಮ್ಮ ಕಿಟಕಿ ಬಗ್ಗೆ ಕೇಳೋದು ಮರೆತ್ರು.

(ಆರು ಕಿಟಕಿಗೂ ಪರದೆ ಆಗಬೇಕೆಂದು ಮಾತಾಯಿತು. ಅವನು ಟೇಪು ಹಿಡಿದು ಅಳತೆಗೆ ಅವರ ಹಿಂದೆಯೇ ಹೊರಟ. ಮಧ್ಯಾಹ್ನ ಹಿಂತಿರುಗಿದಾಗ ಮುಖದಲ್ಲಿ ಏನೋ ಹಿಂಜರಿಕೆ.)

ಹೆಂಡತಿ: ಅಳತೆ ತಂದ್ರಾ?

ಗಂಡ: ತಂದೆ. ಆರ್ಡರ್ ಗಟ್ಟಿ. ಬಟ್ಟೆ ಬಣ್ಣಾನೂ ಅವರೇ ಆರಿಸಿದ್ರು.

ಹೆಂಡತಿ: ಮತ್ತೆ ಯಾಕೆ ಹೀಗೆ ನಿಂತಿದೀರಿ?

ಗಂಡ: ಮನೆ ತುಂಬಾ ಚೆನ್ನಾಗಿದೆ ಕಣೇ. ಗಾಳಿ, ಬೆಳಕು, ನಿನ್ನ ಹೊಲಿಗೆ ಮೆಷಿನ್ ಇಡೋಕೆ ಒಂದು ಮೂಲೆ. ಅಂಗಡಿಗೆ ನಡೆದೇ ಬರಬಹುದು. ಅವರು ನಿಧಾನವಾಗಿ ಒಂದೊಂದೇ ಕೋಣೆ ತೋರಿಸ್ತಾ ಹೋದ್ರು...

ಹೆಂಡತಿ: ಹೋದ್ರು, ಆಮೇಲೆ?

ಗಂಡ: ಮುಂದಿನ ತಿಂಗಳಿಂದ ನಾವೇ ಬರ್ತೀವಿ ಅಂತ ಮಾತು ಕೊಟ್ಟುಬಿಟ್ಟೆ.

(ಅವಳು ಕತ್ತರಿ ಕೆಳಗಿಟ್ಟು, ನಂಬರಿನ ಪಟ್ಟಿಯನ್ನು ಮಡಚಿ ಅವನ ಜೇಬಿಗೆ ತುರುಕಿದಳು.)

ಹೆಂಡತಿ: ಉಳಿದ ಇಪ್ಪತ್ತೆಂಟನ್ನೂ ಆ ಅಮ್ಮನಿಗೇ ಕೊಡಿ. ಗಿರಾಕಿ ಹಿಡಿಯೋದು ಅವರಿಗೆ ಗೊತ್ತು.