ಮೈಕಣ್ಣನ ಮೌನವ್ರತ

ಅಂದು ಬೆಳಗ್ಗೆ ಹತ್ತೂಕಾಲಿಗೆ ಮೈಕಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ತನ್ನನ್ನು ಮನೆಯೊಳಗೆ ಕೂಡಿಹಾಕುವ ಗಂಡು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲವೆಂದು ಘೋಷಿಸಿದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ತಿರುಗಿಯೂ ನೋಡದೆ, "ಗಂಡು ಹುಟ್ಟಿಲ್ಲ ಸರಿ. ಬಾಗಿಲಿಗೆ ಚಿಲಕ ಹಾಕಿದ್ದು ನಾನು," ಎಂದಳು.

ಮೈಕಣ್ಣನೆಂದರೆ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವನು. ಮದುವೆ, ಸಭೆ, ಚುನಾವಣೆ, ಆಟದ ಪಂದ್ಯ, ಕಳೆದುಹೋದ ಮಗು, ಹೊಸದಾಗಿ ತೆರೆದ ಚಪ್ಪಲಿ ಅಂಗಡಿ, ಊರಿನಲ್ಲಿ ಏನೇ ಆಗಬೇಕಾದರೂ ಮೊದಲು ಮೈಕಣ್ಣ ಗಂಟಲು ಸರಿಮಾಡಿಕೊಳ್ಳಬೇಕು, ಆಮೇಲೆ ಅದು ಆಗಬೇಕು. ಮೂವತ್ತು ವರ್ಷದಿಂದ ನಡೆದುಬಂದ ಪದ್ಧತಿ. ಹೀಗಿರುವಾಗ ಆ ಹಾಳು ಸೋಂಕು ಬಂತು. ಯಾರೂ ಮನೆಯಿಂದ ಹೊರಗೆ ಬರಕೂಡದೆಂದು ಆಜ್ಞೆಯಾಯಿತು. ಆಜ್ಞೆಯೇನೋ ಆಯಿತು, ಅದನ್ನು ಜನರ ಕಿವಿಗೆ ಹಾಕುವವರು ಬೇಡವೇ? ಪುರಸಭೆಯವರು ಮೈಕಣ್ಣನನ್ನು ಕರೆಸಿ, ಒಂದು ಹಾಳೆ ಕೈಗೆ ಕೊಟ್ಟು ಓದಿಸಿ, ಅದನ್ನು ಪೆನ್‌ಡ್ರೈವಿಗೆ ಇಳಿಸಿ, ಒಂದು ಆಟೊದ ನೆತ್ತಿಗೆ ಧ್ವನಿವರ್ಧಕದ ಹಾರ್ನು ಕಟ್ಟಿ ಬೀದಿ ಬೀದಿಗೆ ಬಿಟ್ಟರು.

"ಮಹಾಜನರಲ್ಲಿ ಸವಿನಯ ವಿನಂತಿ. ದಯವಿಟ್ಟು ಎಲ್ಲರೂ ಮನೆಯಲ್ಲೇ ಇರಿ. ಅಪರಿಚಿತರಿಗೆ ಬಾಗಿಲು ತೆರೆಯಬೇಡಿ."

ಮೊದಲ ಎರಡು ದಿನ ಆ ಆಟೊ ಮನೆಯ ಮುಂದೆ ಹಾದಾಗಲೆಲ್ಲ ಮೈಕಣ್ಣ ಕಿಟಕಿಯಲ್ಲಿ ನಿಂತು ಮೀಸೆಯ ಮೇಲೆ ಕೈಯಾಡಿಸಿಕೊಂಡ. 'ವಿನಂತಿ' ಎಂದ ಮೇಲೆ ತಾನು ಕೊಟ್ಟ ಆ ಅರೆಗಳಿಗೆಯ ಬಿಡುವು, ಆಹಾ, ಅದನ್ನು ಕೊಡಲು ಇನ್ನೊಬ್ಬ ಹುಟ್ಟಿಬರಬೇಕು! ಮೂರನೆಯ ವಾರದ ಹೊತ್ತಿಗೆ ಅದೇ ದನಿ ಕೇಳಿದರೆ ಮೈ ಉರಿಯತೊಡಗಿತು. ನಡುಮನೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ವಾಪಸು ಬರುವಾಗ ಒಂದಾದರೂ ಹೆಚ್ಚು ಸಿಕ್ಕೀತೇ ಎಂದು ಎಣಿಸಿ ನೋಡಿದ. ಸಿಗಲಿಲ್ಲ. ಇದರ ಮೇಲೆ ಹೆಂಡತಿ ಬೇರೆ ಪಕ್ಷಾಂತರ ಮಾಡಿಬಿಟ್ಟಿದ್ದಳು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡ ಎದುರಿಗೆ ನಿಂತು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದವಳು, ಬೀದಿಯಲ್ಲಿ ಹೋಗುವ ಗಂಡ ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ಆದರೆ ಇವತ್ತಿನ ಅವನ ಹಾರಾಟ ಬರೀ ಬೇಸರದ್ದಲ್ಲ. ಅದರ ಹಿಂದೆ ಅಕ್ಕ ಇದ್ದಳು.

ಎಪ್ಪತ್ತೆರಡರ ಅಕ್ಕ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಳು. ಮೈಕಣ್ಣ ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡು, ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಎಂಟು ವರ್ಷದಿಂದ ಅವಳ ಕಿವಿ ಕೈಕೊಟ್ಟಿತ್ತು. ತಮ್ಮ ತಂದುಕೊಟ್ಟ ಕಿವಿಯ ಯಂತ್ರ ಗುಂಯ್ ಅನ್ನುತ್ತದೆಂದು ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದಳು. ಆದರೂ ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ತಮ್ಮನಿಗೆ ಫೋನು ಮಾಡುವಳು. ಏನು ಬೇಯಿಸಿದೆ, ಯಾವ ಮಂಡಿ ನೋಯುತ್ತಿದೆ, ಪಕ್ಕದ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಪಟ್ಟನೆ ಇಟ್ಟುಬಿಡುವಳು. ಈ ಕಡೆಯವನು ಏನು ಹೇಳಿದ ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಮೈಕಣ್ಣನಿಗೆ ಅಷ್ಟು ಸಾಕಿತ್ತು. ಹತ್ತಕ್ಕೆ ಗಂಟೆ ಹೊಡೆದುಕೊಂಡಿತೆಂದರೆ ಅಕ್ಕ ಚೆನ್ನಾಗಿದ್ದಾಳೆ.

ಆ ಗಂಟೆ ಮೂರು ದಿನದಿಂದ ಹೊಡೆದುಕೊಂಡಿರಲಿಲ್ಲ. ಇವನೇ ಮಾಡಿದರೆ ಅವಳಿಗೆ ಕೇಳಿಸದು. ಹೋಗಿ ನೋಡಿ ಎನ್ನೋಣವೆಂದರೆ, ಅಕ್ಕನ ಮನೆಯ ಮಹಡಿಯ ಮೇಲಿದ್ದ ನರ್ಸಮ್ಮ ಆಸ್ಪತ್ರೆಯಲ್ಲೇ ಉಳಿದು ಹದಿನೈದು ದಿನವಾಗಿತ್ತು.

"ಒಬ್ಬಳೇ ಬಿದ್ದುಗಿದ್ದು ಹೋಗಿದ್ರೆ ಏನೇ ಮಾಡೋದು?" ಅಂದ ಮೈಕಣ್ಣ. ಆಗ ಅವನ ದನಿ ಹಾರ್ನಿನಲ್ಲಿ ಕೇಳುವ ದನಿಯಾಗಿರಲಿಲ್ಲ.

ಹೆಂಡತಿ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳಿಗೂ ಅದೇ ಚಿಂತೆಯಿತ್ತು. ತುರ್ತಿದ್ದವರಿಗೆಂದು ಒಂದು ನಂಬರಿದೆ, ಅದಕ್ಕೆ ಕರೆ ಮಾಡಿದರೆ ಪೊಲೀಸರೇ ಹೋಗಿ ನೋಡುತ್ತಾರೆ ಎಂದಳು. ಯಾವ ನಂಬರು ಎಂದು ಇವನು ಹುಬ್ಬು ಗಂಟಿಕ್ಕಿದ.

"ದಿನಾ ಕೊನೇಲಿ ನೀವೇ ಹೇಳ್ತೀರಲ್ರೀ."

"ಹೇಳೋದು ನನ್ನ ಕೆಲಸ. ಕೇಳೋದು ಜನರ ಕೆಲಸ. ನಾನ್ಯಾಕೆ ಕೇಳಲಿ?"

ಅಲ್ಲದೆ, ಸ್ವಂತ ಅಕ್ಕನನ್ನು ನೋಡಲು ಅರ್ಜಿ ಹಾಕುವ ದಿನ ಬಂದರೆ ಬದುಕಿ ಏನು ಪ್ರಯೋಜನ? ಕಣ್ಣು ಕಟ್ಟಿ ಬಿಟ್ಟರೂ ಕಾಲು ತಾನಾಗಿ ಹೋಗುವ ಬೀದಿಗೆ ಪರವಾನಗಿ ಬೇರೆ ಕೇಡು! ತಲೆಯ ಮೇಲೆ ತಲೆ ಬೀಳಲಿ, ಹೋಗಿಯೇ ತೀರುತ್ತೇನೆಂದ.

ಹೋಗಿ, ಬೇಡ ಅನ್ನಲ್ಲ, ಆದರೆ ಸಿಕ್ಕಿಬಿದ್ದರೆ ಏನಾಗುತ್ತದೆಂದು ಯೋಚಿಸಿ ಎಂದಳು ಹೆಂಡತಿ. ಊರಿಗೆಲ್ಲ ಮನೆಯಲ್ಲಿರಿ ಎಂದವನೇ ಬೀದಿಯಲ್ಲಿ ಸಿಕ್ಕಿದನೆಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ನೀವು ಮೈಕು ಹಿಡಿದು, ಬೆಂಕಿ ಬಿದ್ದಿದೆ ಓಡಿ ಎಂದರೂ ಯಾರೂ ಓಡುವುದಿಲ್ಲ. "ಅಂಗಡೀಲಿ ಕೂತು ನೊಣ ಹೊಡೀಬೇಕಾಗುತ್ತೆ, ಅಷ್ಟೆ."

ಈ ಮಾತು ಮಾತ್ರ ನಾಟಿತು. ಮೈಕಣ್ಣನಿಗೆ ಇದ್ದ ಆಸ್ತಿಯೆಲ್ಲ ಆ ಗಂಟಲೇ. ಆದರೆ ನಾಟಿದ ಮಾತಿಗೆ ಹೆದರಿ ಕೂರುವವನೇ ಅವನು? ಮುಖದ ಚಿಂತೆಯಿಲ್ಲ, ಮಾಸ್ಕು ಮೂಗಿನವರೆಗೆ, ಟೋಪಿ ಹುಬ್ಬಿನವರೆಗೆ, ನಡುವೆ ಕಪ್ಪು ಕನ್ನಡಕ. ಇನ್ನು ದನಿ. ಬಾಯಿ ಬಿಟ್ಟರೆ ತಾನೆ? ಮನೆಯ ಹೊಸ್ತಿಲು ದಾಟಿದಾಗಿನಿಂದ ಮತ್ತೆ ಒಳಗೆ ಕಾಲಿಡುವವರೆಗೆ ಮೌನವ್ರತ ಎಂದು ಸಾರಿದ. ಹೆಂಡತಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು.

"ನೀವು? ಸುಮ್ಮನಿರೋದು? ನಿದ್ದೇಲೂ 'ಹಲೋ, ಚೆಕ್, ಚೆಕ್' ಅಂತೀರ."

ಮೈಕಣ್ಣ ಉತ್ತರ ಕೊಡಲಿಲ್ಲ. ವ್ರತ ಆಗಲೇ ಶುರುವಾಗಿತ್ತು.

ಹಿತ್ತಲ ಬಾಗಿಲಿನಿಂದ ಹೊರಬಿದ್ದವನಿಗೆ ಹದಿನಾಲ್ಕರ ಆಚೆಗೆ ಹದಿನೈದನೆಯ ಹೆಜ್ಜೆ ಇಡುವಾಗ ಆದ ಸುಖವನ್ನು ಬಣ್ಣಿಸಲಾಗದು. ಬೀದಿ ಬಿಕೋ ಎನ್ನುತ್ತಿತ್ತು. ಶಟರುಗಳೆಲ್ಲ ಇಳಿದಿದ್ದವು. ನಡುರಸ್ತೆಯಲ್ಲಿ ಅಂಗಾತ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನೋಡಿ, ಈ ಮುಸುಕಿನವನು ಬೊಗಳುವುದಕ್ಕೂ ಲಾಯಕ್ಕಲ್ಲವೆಂದು ಮತ್ತೆ ಮುಚ್ಚಿತು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಮೂರನೆಯ ತಿರುವಿನಲ್ಲಿ ಅಡ್ಡಗಟ್ಟೆ, ಅದರ ಪಕ್ಕದಲ್ಲಿ ಲಾಠಿ, ಲಾಠಿಯ ಹಿಂದೆ ಪೊಲೀಸಮ್ಮ.

ಎಲ್ಲಿಗೆ ಸವಾರಿ ಎಂದು ಅವಳು ಕೇಳಿದಳು. ಮೈಕಣ್ಣ ಬಾಯಿಯ ಮುಂದೆ ಕೈಯಾಡಿಸಿ ಮಾತು ಬಾರದೆಂದು ತೋರಿಸಿದ. ಪೊಲೀಸಮ್ಮನ ಮುಖ ಕೂಡಲೇ ಮೆತ್ತಗಾಯಿತು, ಲಾಠಿ ಕೆಳಗಿಳಿಯಿತು. ಅವಳ ಒಳ್ಳೆಯತನವೇ ಇವನ ಕುತ್ತಿಗೆಗೆ ಬಂತು. ವಯಸ್ಸಾದ ಅಕ್ಕ ಎಂದು ತಿಳಿಸಲು ಬೆನ್ನು ಬಗ್ಗಿಸಿ ತೋರಿಸಿದ, ನಡ ಹಿಡಿದುಕೊಂಡಿದೆಯೇ ಎಂದಳು. ಅವಳಿಗೆ ಕಿವಿ ಕೇಳಿಸದು ಎನ್ನಲು ಕಿವಿಯ ಬಳಿ ಕೈ ತಿರುವಿದ, ಕಿವಿನೋವೂ ಇದೆಯೇ ಎಂದಳು. ಅಲ್ಲ, ಅಲ್ಲ ಎಂದು ಜೋರಾಗಿ ತಲೆಯಾಡಿಸಿದ, ಅಯ್ಯೋ ಪಾಪ, ತಲೆಸುತ್ತು ಬೇರೆ ಎಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ನೆರಳಿನಲ್ಲಿ ಕೂರಿಸಿ, ಆರೋಗ್ಯ ಇಲಾಖೆಯ ಗಾಡಿಗೆ ಫೋನು ಮಾಡಿಯೇಬಿಟ್ಟಳು.

ಆ ಗಾಡಿ ಹತ್ತಿಸಿಕೊಂಡರೆ ಹದಿನಾಲ್ಕು ದಿನ ಎಲ್ಲೋ ಕೂಡಿಹಾಕುತ್ತಾರೆ. ಅಲ್ಲಿಯವರೆಗೆ ಅಕ್ಕನ ಗತಿ? ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಅಕ್ಕನ ಸುದ್ದಿಯಿಲ್ಲ. ಬಿಡಲೋ ಬೇಡವೋ ಎಂದು ಒದ್ದಾಡುತ್ತಿರುವಾಗಲೇ ಪುರಸಭೆಯ ಆಟೊ ಬಂತು.

"ಮಹಾಜನರಲ್ಲಿ ಸವಿನಯ ವಿ... ವಿ... ವಿ... ವಿ..."

ಪೆನ್‌ಡ್ರೈವು ಕೈಕೊಟ್ಟಿತ್ತು. ತನ್ನದೇ ದನಿ ಬಿಕ್ಕಳಿಸುವುದನ್ನು ಮೈಕಣ್ಣ ಹಲ್ಲು ಕಚ್ಚಿ ಕೇಳಿಸಿಕೊಂಡ. ಆಟೊದವನು ಮೈಕಿನ ಪೆಟ್ಟಿಗೆಗೆ ನಾಲ್ಕು ಬಿಗಿದ. ಇದ್ದ ಬಿಕ್ಕಳಿಕೆಯೂ ನಿಂತುಹೋಯಿತು. ಕೊನೆಗೆ ಪೊಲೀಸಮ್ಮ, ಇದೇನು ಬ್ರಹ್ಮವಿದ್ಯೆಯೇ ಎಂದು ಮೈಕನ್ನು ತಾನೇ ಕೈಗೆತ್ತಿಕೊಂಡಳು.

"ಎಲ್ಲರೂ ಕೇಳ್ಕೊಳಿ. ಮನೇಲಿರಿ. ಇರದಿದ್ರೆ ನೋಡಿ ಮತ್ತೆ."

ಅಷ್ಟೇ! ಒಂದು ಹಾಳೆಯ ಒಕ್ಕಣೆ ಒಂದು ಬೆದರಿಕೆಗೆ ಇಳಿದಿತ್ತು. 'ಸವಿನಯ' ಎಲ್ಲಿ? 'ದಯವಿಟ್ಟು' ಎಲ್ಲಿ? ಆ ಬಿಡುವೆಲ್ಲಿ? ಮೈಕು ಅವಳ ತುಟಿಗೆ ಅಂಟಿಕೊಂಡು ಕುಂಯ್ ಎಂದು ಕಿರುಚುತ್ತಿತ್ತು. ಮೈಕಣ್ಣ ಕುರ್ಚಿಯ ತೋಳುಗಳನ್ನು ಹಿಡಿದು ಕೂತ. ಎರಡನೆಯ ಸಲವೂ ಅವಳು ಅದನ್ನೇ ಹೇಳಿದಳು, ಅವನು ಕಣ್ಣು ಮುಚ್ಚಿಕೊಂಡ. ಮೂರನೆಯ ಸಲ ಅವಳು ಮೈಕಿನೊಳಕ್ಕೇ ಕೆಮ್ಮಿದಳು. ಇಂಥ ಕಾಲದಲ್ಲಿ, ಇಡೀ ಊರಿಗೆ ಕೇಳುವ ಹಾಗೆ, ಕೆಮ್ಮು!

ಆಮೇಲೆ ಆದದ್ದಕ್ಕೆ ಮೈಕಣ್ಣ ಹೊಣೆಯಲ್ಲ, ಅವನ ಕಸುಬು ಹೊಣೆ.

"ಅಮ್ಮಾ ತಾಯಿ, ಮೈಕನ್ನ ನಾಲ್ಕು ಬೆರಳು ದೂರ ಹಿಡೀಬೇಕು. ಕೊಡಿ ಇಲ್ಲಿ," ಎಂದು ಎದ್ದುಬಂದು ಕಿತ್ತುಕೊಂಡ. ಗಂಟಲು ಸರಿಮಾಡಿಕೊಂಡ. ಮಹಾಜನರಿಂದ ಹಿಡಿದು ತುರ್ತು ನಂಬರಿನವರೆಗೆ, ಬಿಡುವು ಬಿಡುವಿನ ಜಾಗದಲ್ಲಿ, ಏರು ಏರಿನ ಜಾಗದಲ್ಲಿ, ಒಂದಕ್ಷರ ತಪ್ಪದಂತೆ ಸುರಿದ. ರಸ್ತೆಯ ಎರಡೂ ಬದಿಯ ಕಿಟಕಿಗಳು ತೆರೆದುಕೊಂಡವು. ಅರೆ, ನಮ್ಮ ಮೈಕಣ್ಣ ಎಂದು ಯಾರೋ ಮೇಲಿನಿಂದ ಕೂಗಿದರು. ಇನ್ಯಾರೋ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಮೈಕಣ್ಣ ತಲೆಬಾಗಿದ. ಬಾಗಿದ ತಲೆಯನ್ನು ಎತ್ತುವಾಗ ಪೊಲೀಸಮ್ಮ ಕೈಕಟ್ಟಿ ನಿಂತಿದ್ದಳು.

"ಮಾತು ಬಂತಾ?"

"ಬಂತು ಮೇಡಂ."

ಇನ್ನು ಮುಚ್ಚಿಡುವುದೇನಿತ್ತು? ಅಕ್ಕ, ಮೂರು ದಿನ, ಹತ್ತು ಗಂಟೆ, ಎಲ್ಲವನ್ನೂ ಕಕ್ಕಿದ. ಮೂಗನ ವೇಷ ಹಾಕಿದ್ದಕ್ಕೆ ಅವಳು ಚೆನ್ನಾಗಿ ಬೈದಳು. ನಂಬರಿಗೆ ಫೋನು ಮಾಡಿದ್ದರೆ ಹತ್ತು ನಿಮಿಷದಲ್ಲಿ ತಾನೇ ಹೋಗಿ ನೋಡಿ ಬರುತ್ತಿದ್ದೆನೆಂದು ಅದಕ್ಕಿಂತ ಹೆಚ್ಚು ಬೈದಳು. ಆ ನಂಬರು ತನಗೆ ಬಾಯಿಪಾಠವಾದದ್ದೇ ಇವನ ದನಿ ಕೇಳಿ ಕೇಳಿಯಂತೆ! ಆಮೇಲೆ ಗಾಡಿ ಬೇಡವೆಂದು ಆರೋಗ್ಯ ಇಲಾಖೆಗೆ ಫೋನು ಮಾಡಿ, ಶಿಕ್ಷೆ ಕೊಟ್ಟಳು: ಸಂಜೆಯವರೆಗೂ ಆಟೊದಲ್ಲಿ ಕೂತು ಬೀದಿ ಬೀದಿಯಲ್ಲಿ ಬಾಯಾರೆ ಹೇಳಬೇಕು, ಮಾರುಕಟ್ಟೆಯ ಹಿಂದಿನ ಬೀದಿಯಿಂದ ಶುರುಮಾಡಬೇಕು. ತಾನೂ ಜೊತೆಗೆ ಬಂದು ಕೂತಳು.

ಇದು ಶಿಕ್ಷೆಯೇ? ಮೈಕಣ್ಣನ ಎದೆ ಮತ್ತೆ ಉಬ್ಬಿತು. ಸರ್ಕಾರದ ಗಾಡಿ, ಸರ್ಕಾರದ ಎಣ್ಣೆ, ಪಕ್ಕದಲ್ಲಿ ಪೊಲೀಸು ಕಾವಲು. ಮಂತ್ರಿಗೂ ಇದಕ್ಕಿಂತ ಹೆಚ್ಚು ಸಿಗದು. ಹೆಂಡತಿಗೆ ಇದನ್ನು ಯಾವ ಯಾವ ಏರಿಳಿತದಲ್ಲಿ ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ. ಆದರೆ ಮಾರುಕಟ್ಟೆಯ ಮೂಲೆ ತಿರುಗಿದ್ದೇ ಆ ಏರಿಳಿತವೆಲ್ಲ ಮರೆತುಹೋಯಿತು. ಅಕ್ಕನ ಬಾಗಿಲು ಮುಚ್ಚಿತ್ತು. ಕಿಟಕಿಗೆ ಪರದೆ ಎಳೆದಿತ್ತು.

ಆಟೊ ನಿಲ್ಲುವ ಮೊದಲೇ ಇಳಿದು ಓಡಿ ಕಿಟಕಿಯ ಗಾಜು ಬಡಿದ. ಒಮ್ಮೆ, ಎರಡು ಸಲ, ಹತ್ತು ಸಲ. ಅವಳಿಗೆ ಕೇಳಿಸದೆಂದು ಗೊತ್ತಿದ್ದೂ ಬಡಿದ. ನೆರಳಾಡಿದ್ದು ಕಂಡಿತೇನೋ, ಪರದೆ ಸರಿಯಿತು. ಅಕ್ಕ! ನೆಟ್ಟಗೆ ನಿಂತಿದ್ದಳು. ಕೈಯಲ್ಲಿ ಕಾಫಿ ಲೋಟ ಬೇರೆ. ಮೈಕಣ್ಣನಿಗೆ ಹೋದ ಜೀವ ಬಂದಂತಾಯಿತು.

ಅಕ್ಕ ಅವನನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದಳು. ಯಾರಪ್ಪ ನೀನು ಎಂದಳು. ನಾನೇ ಅಕ್ಕಾ ಎಂದು ಇವನು ಅರಚಿದ್ದು ಮಾಸ್ಕಿನ ಆಚೆಗೇ ದಾಟಲಿಲ್ಲ. ಮಾಸ್ಕಿಗೆ ಕೈಹಾಕಿದರೆ, ಮುಟ್ಟಬೇಡಿ ಎಂದು ಹಿಂದಿನಿಂದ ಪೊಲೀಸಮ್ಮ ಗದರಿದಳು.

"ಬಾಗಿಲು ತೆಗೆಯಲ್ಲ," ಅಂದಳು ಅಕ್ಕ. "ನನ್ನ ತಮ್ಮ ಹೇಳಿದ್ದಾನೆ, ಗುರುತಿಲ್ಲದವರಿಗೆ ತೆಗೀಬೇಡ ಅಂತ. ಅವನ ಮಾತು ನಾನು ಮೀರಲ್ಲ. ನಿನಗೆ ಹೇಳೋರು ಕೇಳೋರು ಯಾರೂ ಇಲ್ವಾ? ಹೋಗು, ಮನೆಗೆ ಹೋಗು."

ಕನ್ನಡಕ ಕಿತ್ತು ತೆಗೆಯುವಷ್ಟರಲ್ಲಿ ಪರದೆ ಮುಚ್ಚಿಹೋಗಿತ್ತು. ಮೈಕಣ್ಣ ಆಟೊದೊಳಗೆ ನುಗ್ಗಿ ಮೈಕು ಹಿಡಿದ.

"ಅಕ್ಕಾ, ನಾನು ಕಣೇ. ಮೂರು ದಿನದಿಂದ ಫೋನ್ ಯಾಕೆ ಮಾಡ್ಲಿಲ್ಲ ನೀನು?" ಮೂವತ್ತು ವರ್ಷದಲ್ಲಿ ಮೊದಲ ಸಲ ಮೈಕಿನಲ್ಲಿ ಅವನ ದನಿ ಒಡೆಯಿತು.

ಕಿಟಕಿ ದಡಾರನೆ ತೆರೆಯಿತು. ಅಕ್ಕನ ಮುಖ ಅರಳಿತ್ತು. ಅವಳು ನೋಡುತ್ತಿದ್ದುದು ಆಟೊದ ಮೇಲಿದ್ದ ಹಾರ್ನನ್ನು.

"ಬಂದ್ಯಾ ಪುಟ್ಟಾ? ಫೋನ್ ಯಾಕೋ ಇನ್ನು? ಮೂರು ದಿನದಿಂದ ಬೆಳಗ್ಗೆ ಸಂಜೆ ನೀನೇ ಬೀದಿಗೆ ಬಂದು ಮಾತಾಡಿಸ್ಕೊಂಡು ಹೋಗ್ತಿದ್ದೀಯಲ್ಲ. ಎಂಟು ವರ್ಷ ಆಗಿತ್ತು ಕಣೋ, ನಿನ್ನ ದನಿ ನನಗೆ ಕೇಳಿಸಿ."

ಆ ಬೀದಿಗೆ ಆಟೊ ಬರಲು ಶುರುವಾಗಿ ಮೂರೇ ದಿನವಾಯಿತೆಂದು ಆಟೊದವನು ಮೆಲ್ಲಗೆ ಹೇಳಿದ. ಮೈಕಣ್ಣನ ಕಣ್ಣಲ್ಲಿ ನೀರು ಇಳಿದು ಮಾಸ್ಕು ಒದ್ದೆಯಾಯಿತು. ಪೊಲೀಸಮ್ಮ ಇನ್ನೊಂದು ಕಡೆಗೆ ನೋಡಿದಳು.

ಅಷ್ಟರಲ್ಲಿ ಅಕ್ಕ, ಗುಟ್ಟು ಹೇಳುವವಳಂತೆ ಕಿಟಕಿಯಿಂದ ಮುಂದಕ್ಕೆ ಬಾಗಿ, ಆ ಬೀದಿಗೆ ಬೀದಿಯೇ ಕೇಳುವಂತೆ ಪಿಸುಗುಟ್ಟಿದಳು.

"ಇನ್ನೊಂದು ಮಾತು ಪುಟ್ಟಾ. ಈಗತಾನೆ ಒಬ್ಬ ಮುಸುಕಿನ ಮುದುಕ ಬಂದು ಕಿಟಕಿ ಬಡೀತಿದ್ದ. ನೋಡಿದ್ರೇ ಗೊತ್ತಾಗುತ್ತೆ, ಯಾರ ಮಾತೂ ಕೇಳೋ ಪೈಕಿ ಅಲ್ಲ. ಸಿಕ್ಕಿದ್ರೆ ಬಿಡಬೇಡ, ಪೊಲೀಸರ ಕೈಗೆ ಕೊಡು."

ಪೊಲೀಸಮ್ಮ ಮೈಕಣ್ಣನ ಕಡೆಗೆ ತಿರುಗಿದಳು. ಮೈಕಣ್ಣ ಮೈಕಿನಲ್ಲೇ ಹೇಳಿದ.

"ಕೊಟ್ಟಾಯ್ತು ಅಕ್ಕಾ."