ಕನ್ನಡ ಆಟಕ್ಕೆ ನನ್ನ ಸಂಪೂರ್ಣ ಬೆಂಬಲ

ಒಂದು ವಿಷಯದಲ್ಲಿ ನನ್ನನ್ನು ಯಾರೂ ಮೀರಿಸಲಾರರು ಎಂದು ನಂಬಿಕೊಂಡಿದ್ದೆ. ಅದು ಅಂತರಿಕ್ಷ. ನಿಜವಾದ ಅಂತರಿಕ್ಷವಲ್ಲ, ಸಿನಿಮಾದ್ದು. ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿರುವ ನಾನು, ಆಕಾಶನೌಕೆಗಳ ಒಂದು ಇಂಗ್ಲಿಷ್ ಸಿನಿಮಾ ಸರಣಿಯನ್ನು ಮದುವೆಯಾದಂದಿನಿಂದ ಒಂದು ಭಾಗವನ್ನೂ ಬಿಡದೆ ನೋಡಿದ್ದೇನೆ. ಸರಣಿಯ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅದರ ಅಭಿಮಾನಿಗಳು ಮಾಕಳಿಯ ನಮ್ಮ ಮನೆಯವರೆಗೂ ಜಗಳಕ್ಕೆ ಬರುತ್ತಾರೆ. ಅವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು, ನಾನೂ ಅವರಲ್ಲೊಬ್ಬ.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಪೀಣ್ಯದ ಫಿಟ್ಟರ್‌ಗಳಿಂದ ವೈಟ್‌ಫೀಲ್ಡಿನ ಸಾಫ್ಟ್‌ವೇರ್‌ನವರವರೆಗೆ ಕೆಲಸ ಬಿಟ್ಟು ಕಿತ್ತಾಡಬಲ್ಲವರೆಲ್ಲ ಅದರಲ್ಲಿದ್ದಾರೆ. ಹೊಸ ಭಾಗದ ಟ್ರೈಲರ್ ಬಂದದ್ದೇ ತಡ, ಯುದ್ಧ ಶುರುವಾಯಿತು. ಹಳೆಯ ಭಾಗದಲ್ಲಿ ಹೊರಕ್ಕೆ ತೆರೆಯುತ್ತಿದ್ದ ನೌಕೆಯ ಬಾಗಿಲು ಹೊಸದರಲ್ಲಿ ಒಳಕ್ಕೆ ತೆರೆಯುತ್ತದೆ! ಈ ಘೋರ ಅನ್ಯಾಯದ ಮೇಲೆ ಒಂದು ವಾರ ಚರ್ಚೆ ನಡೆಯಿತು. ಇಬ್ಬರು ಸಿಟ್ಟಿನಿಂದ ಗುಂಪು ಬಿಟ್ಟು ಹೋಗಿ, ಸಂಜೆಯೊಳಗೆ ತಾವಾಗಿಯೇ ವಾಪಸ್ ಬಂದರು.

ಬಾಗಿಲು ಮುಗಿಯಿತು ಎನ್ನುವಾಗ ಭಾಷೆ ಬಂತು. ಈ ಸಲ ಸಿನಿಮಾ ಕನ್ನಡಕ್ಕೂ ಡಬ್ ಆಗಿ ಬರುತ್ತದೆಂದು ಸುದ್ದಿ. ವೈಟ್‌ಫೀಲ್ಡಿನ ಕಿರಣ್, ಹಾಸನದ ಹುಡುಗ, ಗುಂಪಿನಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಅಕ್ಷರ ಬರೆಯದವನು, ಅಂದು ಮಾತ್ರ ಕನ್ನಡದಲ್ಲೇ ಮಾತಾಡಿ ಕಳಿಸಿದ: "ಕಮಾಂಡರ್ ಬಾಯಲ್ಲಿ 'ಎಲವೋ ದುಷ್ಟ' ಅಂತೆಲ್ಲ ಕೇಳಕ್ಕಾಗಲ್ಲ ಗುರು."

ನನ್ನ ರಕ್ತ ಕುದಿಯಿತು. ಕಾರ್ಖಾನೆಯ ಕಂಪ್ರೆಸರ್ ಪಕ್ಕದಲ್ಲೇ ನಿಂತು, ಅದರ ಗದ್ದಲವನ್ನೂ ಮೀರಿ ಕೂಗಿ, ಕನ್ನಡದ ಅಳಿವು ಉಳಿವಿನ ಬಗ್ಗೆ ಒಂದು ಧ್ವನಿಸಂದೇಶ ಕಳಿಸಿದೆ. ಕೆಂಪು ಹಳದಿ ಹೃದಯಗಳ ಸುರಿಮಳೆಯಾಯಿತು. ಕಿರಣ್ ಕೂಡ ಕ್ಷಮೆ ಕೇಳಿದ. ಅಲ್ಲಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಸಂದೇಶವನ್ನು ನಾನು ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಂಡು ಕೇಳುವಾಗ ಹೆಂಡತಿ ಪುಷ್ಪನ ಕಿವಿಗೂ ಬಿತ್ತು. ಅವಳು ಮಾಕಳಿಯವಳೇ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಪ್ರತಿ ಭಾಗಕ್ಕೂ ನನ್ನ ಜೊತೆ ಬಂದಿದ್ದಾಳೆ. ಬಂದು, ಎಸಿಯ ತಣ್ಣಗಿನ ಗಾಳಿಗೆ ಸೆರಗು ಹೊದ್ದು ನಿದ್ದೆ ಮಾಡಿದ್ದಾಳೆ. ಅವಳಿಗೆ ಆ ಇಂಗ್ಲಿಷ್ ಹಿಡಿಯುವುದಿಲ್ಲ.

ಅಂದು ಹೊಲಿಗೆ ಯಂತ್ರ ನಿಲ್ಲಿಸಿ, "ಕನ್ನಡದಲ್ಲಿ ಬರುತ್ತಾ? ಅಂಗಾದ್ರೆ ಈ ಸಲ ನಾನು ನಿದ್ದೆ ಮಾಡಲ್ಲ ಕಣ್ರೀ. ಆ ಬಿಳಿ ಗಡ್ಡದವನು ಪ್ರತಿ ಸಲಾನೂ ಯಾಕೆ ಅಳ್ತಾನೆ ಅಂತ ತಿಳ್ಕೋಬೇಕು" ಎಂದಳು. ಮದುವೆ ಸೀಸನ್ನಿನ ಹೊಲಿಗೆಯನ್ನೆಲ್ಲ ಹಿಂದೆ ಹಾಕಿ ಶನಿವಾರ ಸಂಜೆಯನ್ನು ಬಿಡುವು ಮಾಡಿಕೊಂಡಳು. ಅಷ್ಟು ಆಸೆಯಿಂದ ಅವಳು ಯಾವ ಸಿನಿಮಾಕ್ಕೂ ಕಾದದ್ದನ್ನು ನಾನು ಕಂಡಿರಲಿಲ್ಲ.

ತುಮಕೂರು ರಸ್ತೆಯ ಮಾಲ್ ಒಂದಕ್ಕೆ ಹೋಗಿ ಥಿಯೇಟರ್ ಮ್ಯಾನೇಜರನ್ನು ಕಂಡೆ. ಕನ್ನಡದ್ದಕ್ಕೆ ಜನ ಬರುವುದಿಲ್ಲ, ಶನಿವಾರ ಸಂಜೆ ಒಂದೇ ಆಟ ಇಡುತ್ತೇನೆ, ಅರ್ಧ ಹಾಲ್ ತುಂಬಿದರೆ ಓಡಿಸುತ್ತೇನೆ, ಇಲ್ಲದಿದ್ದರೆ ಆ ಆಟ ರದ್ದು ಎಂದ. ನಾನು ಎದೆ ತಟ್ಟಿಕೊಂಡು ಗುಂಪಿನಲ್ಲಿ ಮತದಾನ ಏರ್ಪಡಿಸಿದೆ. ಎಲ್ಲರೂ ಕನ್ನಡಕ್ಕೇ ಒತ್ತಿದರು. ಇಂಗ್ಲಿಷಿಗೆ ಒಂದು ಮತವೂ ಇಲ್ಲ! ಆ ಫಲಿತಾಂಶವನ್ನು ಮ್ಯಾನೇಜರನ ಮೂಗಿನ ಮುಂದೆ ಹಿಡಿದೆ.

ಆತ ಬಹಳ ಹೊತ್ತು ನೋಡಿ, "ಓಟ್ ಹಾಕಿದ್ದಾರೆ ಸಾರ್. ಟಿಕೆಟ್ ತಗೊಂಡಿಲ್ಲ" ಎಂದ. ಭಾಷಾಭಿಮಾನವಿಲ್ಲದ ಮನುಷ್ಯ ಎಂದುಕೊಂಡು ಹೊರಬಂದೆ.

ಶುಕ್ರವಾರ ನನ್ನೊಳಗೆ ಹುಳ ಹೊಕ್ಕಿತು. ಕಮಾಂಡರ್ ನಿಜವಾಗಿಯೂ 'ಎಲವೋ ದುಷ್ಟ' ಎಂದುಬಿಟ್ಟರೆ? ಇಷ್ಟು ವರ್ಷ ಕಾದ ಭಾಗ, ಮೊದಲ ಸಲ ನೋಡುವಾಗ ಸರಿಯಾಗಿ ನೋಡಬೇಡವೇ? ಕನ್ನಡದ್ದನ್ನು ಸಂಜೆ ಹೇಗೂ ನೋಡುತ್ತೇನೆ. ಹೀಗೆ ಆತ್ಮಸಾಕ್ಷಿಯ ಜೊತೆ ಗೌರವಯುತ ಒಪ್ಪಂದ ಮಾಡಿಕೊಂಡೆ. ಕಾರ್ಖಾನೆಯಲ್ಲಿ ಮೆಷಿನ್ ಕೆಟ್ಟಿದೆ ಎಂದು ಪುಷ್ಪನಿಗೆ ಹೇಳಿ, ಶನಿವಾರ ಬೆಳಗ್ಗೆ ಮಾಸ್ಕ್ ಹಾಕಿಕೊಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ, ಊರಿನ ಆ ತುದಿಯ ಮಾರತ್ತಹಳ್ಳಿಗೆ ಹೋದೆ. ಅಷ್ಟು ದೂರ ನಮ್ಮ ಕಡೆಯವರು ಯಾರು ಬರುತ್ತಾರೆ?

ಇಂಟರ್‌ವಲ್‌ನಲ್ಲಿ ದೀಪ ಹತ್ತಿತು. ಪಕ್ಕದ ಸೀಟಿನಲ್ಲಿ ಇನ್ನೊಂದು ಮಾಸ್ಕ್. ಅದರ ಮೇಲಿನ ಕಣ್ಣು ಕಿರಣನದು. ಹಿಂದಿನ ಸಾಲಿನಲ್ಲಿ ಪೀಣ್ಯದ ಫಿಟ್ಟರ್‌ಗಳು ಸೀಟಿನ ಕೆಳಗೆ ಏನೋ ಬಿದ್ದುಹೋದವರಂತೆ ಬಗ್ಗಿ ಹುಡುಕುತ್ತಿದ್ದರು. ಅರ್ಧ ಗುಂಪೇ ಅಲ್ಲಿತ್ತು! ಪಕ್ಕದ ವೈಟ್‌ಫೀಲ್ಡಿನ ಕಿರಣನನ್ನು ಬಿಟ್ಟರೆ, ಯಾರ ಕಣ್ಣಿಗೂ ಬೀಳಬಾರದೆಂದು ಎಲ್ಲರೂ ಅಷ್ಟು ದೂರ ಬಂದಿದ್ದರು.

ಕಿರಣ್ ಮಾಸ್ಕ್ ಇಳಿಸಿ, "ಬರೀ ಹೋಲಿಸಿ ನೋಡೋಣ ಅಂತ ಬಂದೆ ಸಾರ್" ಎಂದ. ನಾನು ಸಂಜೆಯ ಆಟಕ್ಕೆ ಪೂರ್ವತಯಾರಿಗೆ ಬಂದೆ ಎಂದೆ. ಒಬ್ಬರನ್ನೊಬ್ಬರು ತಬ್ಬಿಕೊಂಡು, ಸಂಜೆ ಕನ್ನಡ ಆಟಕ್ಕೆ ತಪ್ಪದೆ ಬರುತ್ತೇವೆಂದು ಮಾತು ಕೊಟ್ಟುಕೊಂಡೆವು. ಫೋಟೋ ತೆಗೆದುಕೊಂಡೆವು, ಅದನ್ನು ಎಲ್ಲೂ ಹಾಕಬಾರದೆಂದು ಆಣೆಯನ್ನೂ ಮಾಡಿದೆವು. ಕನ್ನಡಿಗರಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಸಂಜೆ ಪುಷ್ಪ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಥಿಯೇಟರಿನ ಬಾಗಿಲಲ್ಲಿ ಯಾರೂ ಇಲ್ಲ. ಫೋನಿನಲ್ಲಿ ಮಾತ್ರ ಎಲ್ಲರೂ ಇದ್ದರು. ಒಬ್ಬನಿಗೆ ಜ್ವರ, ಒಬ್ಬ ಹೆಬ್ಬಾಳದ ಟ್ರಾಫಿಕ್‌ನಲ್ಲಿ, ಕಿರಣನಿಗೆ ಅಮೆರಿಕದವರ ಜೊತೆ ತುರ್ತು ಮೀಟಿಂಗ್. ಮ್ಯಾನೇಜರ್ ಬಂದು, ಬುಕ್ ಆಗಿರುವುದು ನಿಮ್ಮವೇ ಎರಡು ಸೀಟು, ಕನ್ನಡ ಆಟ ರದ್ದಾಗಿದೆ, ಪಕ್ಕದ ಹಾಲಿನಲ್ಲಿ ಇಂಗ್ಲಿಷ್ ನೋಡಿ ಎಂದ. ಪಾಪ, ಮೆತ್ತಗೇ ಹೇಳಿದ.

ನಾನು ಮೆತ್ತಗಾಗಲಿಲ್ಲ. ಕನ್ನಡಿಗರಿಗೆ ಸ್ವಾಭಿಮಾನವೇ ಸತ್ತುಹೋಗಿದೆ, ಇದನ್ನು ಉಗ್ರವಾಗಿ ಖಂಡಿಸುತ್ತೇನೆ ಎಂದು ಅಲ್ಲೇ ನಿಂತು ಗುಂಪಿಗೆ ಬರೆದೆ. ತುರ್ತು ಮೀಟಿಂಗಿನಲ್ಲಿದ್ದ ಕಿರಣ್ ತಕ್ಷಣ ಬೆಂಬಲ ಸೂಚಿಸಿ, ಥಿಯೇಟರ್ ಮುಂದೆ ಧರಣಿ ಕೂರಬೇಕು ಎಂದ. ಜ್ವರದವನಿಗೆ ರೇಗಿತು. "ಬೆಳಗ್ಗೆ ಎಲ್ಲಿದ್ರಿ ಇಬ್ರೂ?" ಎಂದು ಬರೆದು, ಆಣೆ ಮುರಿದು, ಫೋಟೋ ಹಾಕಿಯೇಬಿಟ್ಟ.

ಯಾರಾದರೂ ಬರುತ್ತಿದ್ದಾರಾ ಎಂದು ಪುಷ್ಪ ನನ್ನ ಫೋನಿಗೆ ಬಗ್ಗಿದ್ದಳು. ಫೋಟೋದಲ್ಲಿ ಎಲ್ಲರಿಗಿಂತ ಮುಂದೆ, ಪಾಪ್‌ಕಾರ್ನ್ ಡಬ್ಬ ತಬ್ಬಿಕೊಂಡು, ಹಲ್ಲು ಕಿರಿಯುತ್ತಿದ್ದವನು ನಾನೇ.

"ಮೆಷಿನ್ ರಿಪೇರಿ ಆಯ್ತಾ?" ಎಂದಳು.

ಇಂಗ್ಲಿಷಿನದಕ್ಕಾದರೂ ಹೋಗೋಣವೇ ಎಂದು ನಾನು ಕೇಳುವಷ್ಟರಲ್ಲಿ ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನನ್ನ ಹಳೆಯ ಗೇರಿನ ಸ್ಕೂಟರ್ ಹತ್ತಿದ ಮೇಲೆ ಹಿಂದಿನಿಂದ, "ನೀವು ನೋಡಿದ್ದೀರಲ್ಲ. ಕತೆ ಹೇಳಿ, ಕೇಳ್ತೀನಿ" ಎಂದಳು.

ಹೇಳಿದೆ. ಬೇರೆ ದಾರಿ ಇರಲಿಲ್ಲ. ಒಬ್ಬ ಅಣ್ಣ ಜಗಳ ಮಾಡಿಕೊಂಡು ತನ್ನ ಗ್ರಹ ಬಿಟ್ಟು ಹೋಗುತ್ತಾನೆ, ಅವನೇ ಕಮಾಂಡರ್. ತಂಗಿ ಊರಲ್ಲೇ ಉಳಿಯುತ್ತಾಳೆ. ಅವನು ಹೋದ ಹೋದ ಕಡೆಯೆಲ್ಲ ಯುದ್ಧ ಮಾಡುತ್ತಾನೆ. ಅವರಪ್ಪನೇ ಆ ಬಿಳಿ ಗಡ್ಡದವನು, ಮಗನ ದಾರಿ ಕಾದು ಕಾದು ಅಳುತ್ತಾನೆ. ಹೊಸ ಭಾಗದಲ್ಲಿ ಅಣ್ಣ ವಾಪಸ್ ಬರುತ್ತಾನೆ, ಅಷ್ಟರಲ್ಲಿ ಅಪ್ಪ ಇಲ್ಲ. ಎಂಟನೇ ಮೈಲಿಯ ಸಿಗ್ನಲ್ ದಾಟುವಷ್ಟರಲ್ಲಿ ಇಡೀ ಸರಣಿ ಮುಗಿದುಹೋಯಿತು!

ಪುಷ್ಪ ಕೇಳಿದಳು.

"ಇಷ್ಟೇನಾ?"

"ಇಷ್ಟೇ."

"ಇಷ್ಟು ವರ್ಷ ನಾನು ಕೇಳ್ದಾಗೆಲ್ಲ 'ಅದು ನಿಂಗೆ ಅರ್ಥ ಆಗಲ್ಲ ಬಿಡು' ಅಂತಿದ್ರಲ್ಲ. ಇದ್ರಾಗೆ ಅರ್ಥ ಆಗ್ದೇ ಇರೋದು ಏನೈತೆ?"

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಕಡೇಪಕ್ಷ ಸುಮ್ಮನೆ ಗಾಡಿ ಓಡಿಸಬಹುದಿತ್ತು. ಆದರೆ ಅಷ್ಟು ದೊಡ್ಡ ಸರಣಿ ಒಂದು ಸಿಗ್ನಲ್ಲಿಗೆ ಮುಗಿದುಹೋದ ಅವಮಾನವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಕನ್ನಡದಲ್ಲಿ ಹೇಳಿದ್ರೆ ಹಿಂಗೇ ಸಪ್ಪೆ ಅನ್ಸುತ್ತೆ ಕಣೇ. ಇಂಗ್ಲಿಷಲ್ಲಿ ಕೇಳಿದ್ರೆ ಅದರ ಗತ್ತೇ ಬೇರೆ" ಎಂದುಬಿಟ್ಟೆ.

ಮಾಕಳಿ ಬರುವ ಮೊದಲೇ ಪುಷ್ಪ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಸರ್ವಿಸ್ ರಸ್ತೆಯ ಧೂಳಿನಲ್ಲಿ ನಡೆಯತೊಡಗಿದಳು. ಕನ್ನಡದ ಕಟ್ಟಾಳು ಫಸ್ಟ್ ಗೇರಿನಲ್ಲಿ ಅವಳ ಹಿಂದೆಯೇ ಮನೆಯವರೆಗೂ ಹೋದ.