ದ್ರಾಕ್ಷಾರಸದ ಉಸಿರುಗಟ್ಟಿಸಿದ್ದು

ಮನೆ ಅಳಿಯನಿಗೆ ಸಾಮಾನ್ಯವಾಗಿ ಎರಡೇ ಕೆಲಸ: ಊಟ ಮಾಡುವುದು, ಊಟ ಚೆನ್ನಾಗಿತ್ತು ಎನ್ನುವುದು. ನಾನು ಮಾತ್ರ ಅಬ್ಬಿಗೇರಿಯಲ್ಲಿದ್ದ ಮಾವನವರ ವೈನ್ ಕಾರ್ಖಾನೆಯನ್ನು ಆಧುನೀಕರಿಸಲು ಹೊರಟೆ.

ಕಾರ್ಖಾನೆ ಎಂದರೆ ದ್ರಾಕ್ಷಿ ತೋಟದ ಪಕ್ಕದ ಒಂದು ಕಲ್ಲಿನ ಕೋಣೆ, ಅದರೊಳಗೆ ಮೂರು ಉಕ್ಕಿನ ಟಾಕಿ. ಹುದುಗುವಾಗ ರಸ ಬಿಸಿಯೇರುತ್ತದೆ. ಬಿಸಿ ಮಿತಿಮೀರಿದರೆ ವೈನ್ ಕೆಡುತ್ತದೆ. ಅದಕ್ಕೇ ಮಾವನವರು ಟಾಕಿಗಳಿಗೆ ಗೋಣಿಚೀಲ ಸುತ್ತಿ, ಡೀಸೆಲ್ ಪಂಪಿನಿಂದ ದಿನವಿಡೀ ನೀರು ಹಾಯಿಸುತ್ತಿದ್ದರು. ಪಂಪಿನ ಸದ್ದಿನಲ್ಲಿ ತೋಟದ ಮಾತುಕತೆಯೆಲ್ಲ ಜಗಳದಂತೆ ಕೇಳಿಸುತ್ತಿತ್ತು. ನಿಜವಾದ ಜಗಳ ಯಾರಿಗೂ ಗೊತ್ತಾಗುತ್ತಿರಲಿಲ್ಲ!

ಧಾರವಾಡದಲ್ಲಿ ಇಂಧನ ಉಳಿತಾಯದ ತರಬೇತಿ ಮುಗಿಸಿ ಬಂದವನೇ ಮಾವನವರ ಮುಂದೆ ಭಾಷಣ ಶುರುಮಾಡಿದೆ. ಅವರು ಒಪ್ಪಿದ್ದು ನನ್ನ ಭಾಷಣಕ್ಕಲ್ಲ, ಮಗಳ ಮಾತಿಗೆ. ವೈನ್ ತಯಾರಿಯೆಲ್ಲ ನನ್ನ ಹೆಂಡತಿ ಗಿರಿಜಾಳ ಕೈಯಲ್ಲಿತ್ತು. ಆ ಪಂಪಿನ ಹೊಗೆಯಿಂದ ಅವಳಿಗೂ ಸಾಕಾಗಿತ್ತು. ಕಡಿಮೆ ವಿದ್ಯುತ್ ಬೇಡುವ ತಂಪು ಯಂತ್ರ ಬಂತು. ಚಾವಣಿಯ ಮೇಲೆ ಸೋಲಾರ್ ಹಲಗೆಗಳು ಕುಳಿತವು. ಗಜೇಂದ್ರಗಡದ ವೆಲ್ಡಿಂಗ್ ರಾಜೇಸಾಬ ಟಾಕಿಗಳಿಗೆ ಥರ್ಮಾಕೋಲ್ ಸುತ್ತಿ, ಮೇಲೆ ತಗಡಿನ ಅಂಗಿ ತೊಡಿಸಿದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇಂದು ಗೌರವಾನ್ವಿತ ಅಳಿಯ.

ಮರುದಿನ ಹುಬ್ಬಳ್ಳಿಯಿಂದ ಹೋಟೆಲ್ ಮಾಲೀಕರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಆ ವರ್ಷದ ವೈನಿನ ಮಾರಾಟಕ್ಕೆ ದಾರಿಯಾಗುತ್ತಿತ್ತು. ಇಲ್ಲದಿದ್ದರೆ ಕಾರ್ಖಾನೆ ಮುಚ್ಚುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಅವರು ಬರುವ ದಿನ ಗಿರಿಜಾ ಬೆಳಿಗ್ಗೆಯೇ ತೋಟಕ್ಕೆ ಹೋದಳು. ನಾನು ಕೊನೆಯ ತಪಾಸಣೆಗೆ ನಿಂತೆ. ಮೊದಲ ಟಾಕಿಯ ಮುಚ್ಚಳದ ಕೊಳವೆಯಿಂದ ಏನೋ ಬುಸುಗುಡುತ್ತಿತ್ತು. ತಂಪು ಸೋರುತ್ತಿದೆ! ನನ್ನ ಇಂಧನಪ್ರೇಮ ಕೆರಳಿತು. ರಾಜೇಸಾಬನಿಗೆ ಅದನ್ನು ಬಿಗಿಯಾಗಿ ಮುಚ್ಚಲು ಹೇಳಿದೆ. ಅವನಂಥ ಕೆಲಸಗಾರ ಈ ಸೀಮೆಯಲ್ಲೇ ಇಲ್ಲ. ಎಷ್ಟು ಬಿಗಿಯಾಗಿ ಮುಚ್ಚಿದನೆಂದರೆ ಬುಸುಗುಡುವುದು ಪೂರಾ ನಿಂತುಹೋಯಿತು.

ಹುದುಗುವ ರಸ ಗಾಳಿ ಹೊರಬಿಡುತ್ತದೆ, ಅದು ಹೋಗಲು ದಾರಿ ಬೇಕು ಎಂಬ ಸಣ್ಣ ಸಂಗತಿ ತರಬೇತಿಯಲ್ಲಿ ಇರಲಿಲ್ಲ. ಅದು ಇಂಧನ ತರಬೇತಿ, ವೈನ್ ತರಬೇತಿಯಲ್ಲ.

ಮಾಲೀಕರು ಬಿಳಿ ಅಂಗಿಯಲ್ಲಿ ಬಂದರು. ಯಂತ್ರದ ಗುಣಗಾನ ಮಾಡುತ್ತ ಅವರನ್ನು ಮೊದಲ ಟಾಕಿಯ ಹತ್ತಿರವೇ ಕರೆದೊಯ್ದೆ. ಮುಚ್ಚಳ ನರಳಿತು. ಅದನ್ನು ಯಂತ್ರದ ಸಂಗೀತವೆಂದು ವಿವರಿಸುತ್ತಿದ್ದಂತೆ ದಡಾರನೆ ಹಾರಿತು. ನೇರಳೆ ಬುರುಗು ಚಾವಣಿ ಮುಟ್ಟಿ, ಅಲ್ಲಿಂದ ನಮ್ಮೆಲ್ಲರ ಮೇಲೆ ಸಮಾನವಾಗಿ ಇಳಿಯಿತು. ಮಾವನವರ ತಲೆಯ ಪಟಗಾ, ರಾಜೇಸಾಬನ ಗಡ್ಡ, ಮಾಲೀಕರ ಅಂಗಿ, ಎಲ್ಲ ಒಂದೇ ಬಣ್ಣ.

ಸದ್ದು ಕೇಳಿ ಗಿರಿಜಾ ಓಡಿಬಂದಳು. ಎಲ್ಲರ ಕೈಕಾಲು ನೆಟ್ಟಗಿರುವುದನ್ನು ನೋಡಿ, ಮುಚ್ಚಿದ ಕೊಳವೆಯನ್ನೂ ನೋಡಿದಳು.

"ಅದು ಉಸಿರಾಡೂದ್ರೀ," ಅಂದಳು ಮೆಲ್ಲಗೆ. "ನಿಮ್ಮ ಮೂಗು ಹಿಂಗ ಮುಚ್ಚಿದ್ರ ನೀವು ಸುಮ್ನ ಇರ್ತಿದ್ರೇನು?"

ಡೀಸೆಲ್ ಪಂಪಿನ ಸದ್ದಿಲ್ಲದ ತೋಟದಲ್ಲಿ ಆ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಮಾಲೀಕರು ಮೀಸೆಯಿಂದ ಇಳಿದದ್ದನ್ನು ಒರೆಸಲು ಹೋಗಿ ನಾಲಿಗೆಯಿಂದ ಸವರಿದರು. ಮತ್ತೊಮ್ಮೆ ಸವರಿದರು.

"ಇದು ಇನ್ನೂ ಪೂರಾ ಆಗಿಲ್ಲ, ಖರೇ," ಅಂದರು. "ಆದ್ರ ರುಚಿ ಚಲೋ ಐತ್ರಿ. ಉಳಿದ ಟಾಕಿ ತೋರಸ್ರಿ. ಇವರು ಮಾತ್ರ ಹೊರಗ ನಿಂದ್ರಲಿ."

ಹೊರಗೆ ನಿಂತೆ. ಒಳಗಿನ ಎರಡು ಟಾಕಿಗಳು ಹೊಸ ಅಂಗಿ ತೊಟ್ಟು, ತಂಪಾಗಿ ಉಸಿರಾಡುತ್ತಿದ್ದವು. ಆ ವರ್ಷದ ವೈನ್ ಹಿಂದೆಂದಿಗಿಂತ ಚೆನ್ನಾಗಿ ಬಂತು, ಹುಬ್ಬಳ್ಳಿಗೂ ಹೋಯಿತು. ಮಾವನವರು ಪಂಪು ಮಾರಿಬಿಟ್ಟರು. ಈಗ ಬಂದವರಿಗೆಲ್ಲ ಯಂತ್ರವನ್ನು ತಮ್ಮದೇ ಯೋಜನೆಯೆಂಬಂತೆ ವಿವರಿಸುತ್ತಾರೆ.

ನನಗೂ ಕಾರ್ಖಾನೆಯಲ್ಲಿ ಕಾಯಂ ಹುದ್ದೆ ಸಿಕ್ಕಿದೆ. ಎರೆಹೊಲದ ಧೂಳು ಸೋಲಾರ್ ಹಲಗೆಗಳ ಮೇಲೆ ಕೂರುತ್ತದೆ. ಅದನ್ನು ಒರೆಸುವವನು ನಾನು. ಮೇಲೆ ಹತ್ತಿದ ಕೂಡಲೇ ಗಿರಿಜಾ ಏಣಿ ತೆಗೆಯುತ್ತಾಳೆ. ಕೆಳಗೆ ವೈನ್ ನೆಮ್ಮದಿಯಾಗಿ ಹುದುಗುತ್ತದೆ.